ತಲೆಯೊಳಗಿನ ಗುಳ್ಳೆ: ನಮ್ಮಲ್ಲಿ ಕಡಿಮೆಯೋ, ಕಂಡದ್ದು ಕಡಿಮೆಯೋ?

‘ನಮ್ಮ ಜನಕ್ಕೆ ಅನ್ಯೂರಿಸಂ (ಮಿದುಳಿನ ರಕ್ತನಾಳದಲ್ಲಿ ಉಬ್ಬುವ ಗುಳ್ಳೆ) ಕಡಿಮೆ’ ಎಂಬ ಮಾತು ನರಶಸ್ತ್ರಚಿಕಿತ್ಸಕರ ನಡುವೆ ಇನ್ನೂ ಚಲಾವಣೆಯಲ್ಲಿದೆ. ಮದ್ರಾಸಿನ ಬಿ. ರಾಮಮೂರ್ತಿಯವರು ಭಾರತದಲ್ಲಿ ಇದರ ಪ್ರಮಾಣದ ಬಗ್ಗೆ ಬರೆದದ್ದು 1969ರಲ್ಲಿ. ಆ ಕಾಲಕ್ಕೆ ಅದು ದೊಡ್ಡ ಕೆಲಸವೇ. ಆದರೆ ಆಸ್ಪತ್ರೆಯ ಲೆಕ್ಕ ಊರಿನ ಲೆಕ್ಕವಲ್ಲ. ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿಯ ತಾಂಡಾದಲ್ಲಿ ರಾತ್ರಿ ತಲೆ ಹಿಡಿದುಕೊಂಡು ಕುಸಿದು, ಬೆಳಗಾಗುವುದರೊಳಗೆ ತೀರಿಕೊಂಡವರನ್ನು ಅದರಲ್ಲಿ ಸೇರಿಸಿದವರು ಯಾರು?

ಈ ಗುಳ್ಳೆಯ ಚಿಕಿತ್ಸೆಯ ಮೊದಲಿನ ಕತೆ ಚಿಕ್ಕದು. 1927ರಲ್ಲಿ ಪೋರ್ಚುಗಲ್ಲಿನ ಮೋನಿಜ್ ಮಿದುಳಿನ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ಕಾಣಿಸಿದರು. 1937ರಲ್ಲಿ ಅಮೆರಿಕದ ಡ್ಯಾಂಡಿ ಗುಳ್ಳೆಯ ಕುತ್ತಿಗೆಗೆ ಕ್ಲಿಪ್ ಹಾಕಿದರು. 1949ರಲ್ಲಿ ಜೇಕಬ್ ಚಾಂಡಿ ವೆಲ್ಲೂರಿನಲ್ಲಿ ನರಶಸ್ತ್ರಚಿಕಿತ್ಸೆಗೆ ನೆಲೆ ಒದಗಿಸಿದರು.

ನಿಜವಾದ ತಿರುವು ಸೂಕ್ಷ್ಮದರ್ಶಕದ್ದು. ಜ್ಯೂರಿಕ್‌ನ ಯಾಷರ್ಗಿಲ್ ಹಾಕಿಕೊಟ್ಟ ದಾರಿ. ನಮ್ಮ ತಲೆಮಾರು ಕೈ ಪಳಗಿಸಿಕೊಂಡದ್ದು ಅದರಡಿಯಲ್ಲೇ. ಗುಳ್ಳೆಯ ಗೋಡೆ ಕೆಲವೆಡೆ ಎಷ್ಟು ತೆಳುವೆಂದರೆ, ಒಳಗೆ ರಕ್ತ ಸುಳಿಯುವುದು ಹೊರಗಿನಿಂದಲೇ ಕಾಣುತ್ತದೆ. ಮೂಲನಾಳಕ್ಕೆ ತಾತ್ಕಾಲಿಕ ಕ್ಲಿಪ್ ಹಾಕಿ, ಅಕ್ಕಪಕ್ಕದ ಕೂದಲೆಳೆಯಂಥ ಕವಲುಗಳನ್ನು ಬಿಡಿಸಿ, ಆಮೇಲೆ ಕುತ್ತಿಗೆ ಮುಚ್ಚಬೇಕು. ಒಂದು ಕವಲು ಸಿಕ್ಕಿಕೊಂಡರೂ ರೋಗಿ ಮಾತು ಕಳೆದುಕೊಂಡು ಏಳಬಹುದು.

1990ರ ಸುಮಾರಿಗೆ ಇಟಲಿಯ ಗುಗ್ಲಿಯೆಲ್ಮಿ ತೊಡೆಯ ರಕ್ತನಾಳದಿಂದ ಗುಳ್ಳೆಯೊಳಕ್ಕೆ ಪ್ಲಾಟಿನಂ ಕಾಯಿಲ್ ತೂರಿಸಿದರು. 2002ರ ಐಸ್ಯಾಟ್ ಅಧ್ಯಯನದ 2,143 ರೋಗಿಗಳಲ್ಲಿ, ವರ್ಷದ ಕೊನೆಗೆ ಸತ್ತವರು ಅಥವಾ ಪರಾವಲಂಬಿಗಳಾದವರು ಕಾಯಿಲ್ ಗುಂಪಿನಲ್ಲಿ ಶೇ 23.7, ಕ್ಲಿಪ್ ಗುಂಪಿನಲ್ಲಿ ಶೇ 30.6. ಕ್ಲಿಪ್ ಕಾಲ ಮುಗಿಯಿತೆಂದು ಕೆಲವರು ಸಾರಿಬಿಟ್ಟರು. ಅಧ್ಯಯನಕ್ಕೆ ಆಯ್ದವರಲ್ಲಿ ಹೆಚ್ಚಿನವರು ಚೆನ್ನಾಗಿದ್ದ ರೋಗಿಗಳು, ಚಿಕ್ಕ ಗುಳ್ಳೆಯವರು ಎಂಬುದನ್ನು ಓದುವ ವ್ಯವಧಾನ ಇರಲಿಲ್ಲ. ಆಮೇಲೆ ಬಂದ, ರಕ್ತದ ಹರಿವನ್ನು ಗುಳ್ಳೆಯಿಂದ ಆಚೆ ತಿರುಗಿಸುವ ಫ್ಲೋ ಡೈವರ್ಟರ್ ಜಾಣ ಸಾಧನ, ಒಪ್ಪುತ್ತೇನೆ. ಆದರೆ ರಕ್ತ ತೆಳುವಾಗಿಸುವ ಎರಡು ಗುಳಿಗೆ ತಿಂಗಳುಗಟ್ಟಲೆ ತಪ್ಪಬಾರದು. ತೊಗರಿ ರಾಶಿಯ ಗಡಿಬಿಡಿಯಲ್ಲಿ ಗುಳಿಗೆ ತೀರಿದರೆ ನಾಳದಲ್ಲೇ ರಕ್ತ ಹೆಪ್ಪುಗಟ್ಟೀತು.

ಇತ್ತೀಚೆಗೆ ಪೇಟೆಯಲ್ಲಿ ಇನ್ನೊಂದು ಗೀಳು: ತಪಾಸಣೆಯ ಎಂಆರ್‌ಐನಲ್ಲಿ ಸಣ್ಣ ಗುಳ್ಳೆ ಕಂಡರೆ ಸಾಕು, ಮನೆಮಂದಿಯೆಲ್ಲ ಗಾಬರಿ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇದು ಇರುತ್ತದೆ, ಬಹುಪಾಲು ಒಡೆಯುವುದೇ ಇಲ್ಲ. ಜಪಾನಿನ 2012ರ ಅಧ್ಯಯನದಲ್ಲಿ ಒಡೆದದ್ದು ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಬೀಡಿ ಬಿಡಿಸಿ, ಬಿಪಿ ಹತೋಟಿಗೆ ತಂದು, ಕಾಯ್ದು ನೋಡುವುದೂ ಚಿಕಿತ್ಸೆಯೇ.

ನಮ್ಮ ಕಡೆ ಸಮಸ್ಯೆ ಇದರ ತದ್ವಿರುದ್ಧ. ಸಿಡಿಲು ಬಡಿದಂಥ ತಲೆನೋವು, ವಾಂತಿ, ಬಿಗಿಯುವ ಕುತ್ತಿಗೆ. ‘ಪಿತ್ತ ತಲಿಗೇರ್ಯಾದ’ ಎಂದು ಸೂಜಿ ಹಾಕಿಸಿ ಮಲಗಿಸುತ್ತಾರೆ. ಮೊದಲ ಆರು ತಾಸಿನೊಳಗೆ ಒಳ್ಳೆಯ ಸಿಟಿ ಸ್ಕ್ಯಾನ್ ಮಾಡಿದರೆ ರಕ್ತಸ್ರಾವ ತಪ್ಪಿಸಿಕೊಳ್ಳುವುದು ಬಲು ಅಪರೂಪ; ಮತ್ತೆ ಒಡೆಯುವ ಅಪಾಯ ಹೆಚ್ಚಿರುವುದೂ ಮೊದಲ ದಿನವೇ. ಸೇಡಂ, ಚಿತ್ತಾಪುರದವರು ಕಲಬುರಗಿಗೆ, ಚಿಂಚೋಳಿಯವರು ತಾಂಡೂರು ಹಾದು ಹೈದರಾಬಾದಿಗೆ, ವಾಡಿ, ಶಹಾಬಾದದವರು ಸಿಕ್ಕ ರೈಲಿಗೆ. ಆ ತಾಸುಗಳು ಕಳೆಯುವುದು ದಾರಿಯಲ್ಲೇ. 2010ರಲ್ಲಿ ಬಡವರ ಉಚಿತ ಚಿಕಿತ್ಸೆಗೆಂದು ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಯಾದದ್ದು ನಮ್ಮ ಗುಲಬರ್ಗಾ (ಈಗಿನ ಕಲಬುರಗಿ) ವಿಭಾಗದಲ್ಲೇ, ನರರೋಗವೂ ಅದರಲ್ಲಿತ್ತು. ಆದರೆ ಇಂಥ ಯೋಜನೆಯ ಕಾರ್ಡು ಉಪಯೋಗಕ್ಕೆ ಬರುವುದು ರೋಗ ಗುರುತಿಸಿದ ಮೇಲೆ.

ಗುಳ್ಳೆ ಒಡೆದವರಿಗೆ ನಿಮೋಡಿಪಿನ್ ಗುಳಿಗೆ ನಾಲ್ಕು ತಾಸಿಗೊಮ್ಮೆ, 21 ದಿನ: ಇದರ ಪ್ರಯೋಜನ 1989ರ ಬ್ರಿಟಿಷ್ ಅಧ್ಯಯನದಲ್ಲೇ ಸಾಬೀತಾಗಿದೆ. ಇದಕ್ಕೆ ಕ್ಯಾಥ್‌ಲ್ಯಾಬೂ ಬೇಡ, ಸೂಕ್ಷ್ಮದರ್ಶಕವೂ ಬೇಡ. ಆದರೆ ಗುಳಿಗೆ ಕೊಡಲೂ ರೋಗ ಗೊತ್ತಾಗಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿ, ವಾಡಿ, ಶಹಾಬಾದ ಈ ಐದು ಊರುಗಳಲ್ಲಿ ಹಠಾತ್ ತಲೆನೋವಿನಿಂದ ಸತ್ತವರ ಮನೆಗೆ ಹೋಗಿ ವಿಚಾರಿಸಿ ಬರೆದಿಡುವ ಒಂದು ದಾಖಲೆ ಪುಸ್ತಕ ಮೊದಲಾಗಲಿ. ನಮ್ಮಲ್ಲಿ ಕಡಿಮೆ ಎನ್ನುವವರ ಜೊತೆ ವಾದ ಆಮೇಲೆ ಮಾಡೋಣ.