ಕುದುರೆ ಏರಿ ಬಂದ ಪದಗಳು

ಕುದುರೆಗೆ ಕೊರಿಯನ್ನಿನಲ್ಲಿ 'ಮಲ್', ಮಂಗೋಲಿಯನ್ನಿನಲ್ಲಿ 'ಮೊರಿ'. ಹಾಗಾದರೆ ಇವೆರಡೂ ಒಂದೇ ತಾಯಿಯ ಮಕ್ಕಳೇ?

ಹೌದೆಂದವರಲ್ಲಿ ಪ್ರಮುಖರು ಫಿನ್ಲೆಂಡಿನ ಜಿ. ಜೆ. ರಾಮ್‌ಸ್ಟೆಟ್. ಮಂಗೋಲಿಯನ್ ಪಂಡಿತರಾದ ಅವರು 1920ರ ದಶಕದಲ್ಲಿ ತಮ್ಮ ದೇಶದ ರಾಜತಾಂತ್ರಿಕ ಪ್ರತಿನಿಧಿಯಾಗಿ ಟೋಕಿಯೊದಲ್ಲಿದ್ದಾಗ ಕೊರಿಯನ್ ಕಲಿತರು. 1939ರಲ್ಲಿ ಅದರ ವ್ಯಾಕರಣವನ್ನೂ ಪ್ರಕಟಿಸಿದರು. ಎರಡೂ ಭಾಷೆಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಪದಗಳಿಗೆ ಪ್ರತ್ಯಯಗಳು ಸಾಲಾಗಿ ಅಂಟುತ್ತವೆ. ಆದರೆ ನಮ್ಮ ಕನ್ನಡವೂ ಹೀಗೆಯೇ ಅಲ್ಲವೇ? ಇಷ್ಟರಿಂದಲೇ ನೆಂಟಸ್ತನ ಹೇಳಲಾಗದು.

ಎಣಿಸತೊಡಗಿದರೆ ಹೋಲಿಕೆ ಕರಗುತ್ತದೆ. ಕೊರಿಯನ್ನರ 'ಹಾನಾ, ತುಲ್, ಸೆತ್' ಮಂಗೋಲರಲ್ಲಿ 'ನೆಗ್, ಹೊಯೊರ್, ಗುರವ್'. ಇಂದಿನ ಬಹುಪಾಲು ಭಾಷಾಶಾಸ್ತ್ರಜ್ಞರು ರಕ್ತಸಂಬಂಧವನ್ನು ಒಪ್ಪುವುದಿಲ್ಲ.

ಹಾಗೆಂದು ಪದಗಳ ಹೋಲಿಕೆಯೆಲ್ಲ ಆಕಸ್ಮಿಕವೂ ಅಲ್ಲ. 1231ರಲ್ಲಿ ಮಂಗೋಲ್ ಸೇನೆ ಕೊರಿಯದ ಕೊರ್ಯೊ ರಾಜ್ಯದ ಮೇಲೆ ದಂಡೆತ್ತಿ ಬಂತು. ಮುಂದೆ ಆ ರಾಜ್ಯ ಮಂಗೋಲರಿಗೆ ಅಧೀನವಾಯಿತು. ಜೆಜು ದ್ವೀಪದಲ್ಲಿ ಅವರು ಕುದುರೆ ಸಾಕಿದರು, ಜೊತೆಗೆ ಪದಗಳನ್ನೂ ಬಿಟ್ಟುಹೋದರು. ಕೊರಿಯನ್ನರ ಕಪ್ಪು ಕುದುರೆ 'ಕಾರಾಮಲ್'ನಲ್ಲಿರುವುದು ಮಂಗೋಲರ 'ಖರ', ಅಂದರೆ ಕಪ್ಪು. ಬೇಟೆಗಿಡುಗ 'ಸೊಂಗೊಲ್ಮೆ'ಯ ಹಿಂದಿರುವುದು ಅವರ 'ಶೊಂಖೊರ್'.

'ಮಲ್' ಮಾತ್ರ ಆ ದಂಡಯಾತ್ರೆಯ ಜೊತೆ ಬಂದದ್ದಲ್ಲ. ಅದಕ್ಕೂ ನೂರು ವರ್ಷ ಮೊದಲೇ ಚೀನೀಯನೊಬ್ಬ ಕೊರಿಯನ್ ಪದಗಳ ಪಟ್ಟಿಯಲ್ಲಿ ಅದನ್ನು ಬರೆದಿಟ್ಟಿದ್ದ. ಅವನ ಭಾಷೆಯಲ್ಲಿ ಕುದುರೆಗೆ 'ಮಾ'!