ಪಿಯೆತಾ: ಒಬ್ಬ ತಾಯಿಯ ಎರಡು ಕೈಗಳು

ಶುಭಸಂದೇಶದಲ್ಲಿ ಬರೆದಿರದ ಒಂದು ಘಳಿಗೆಯನ್ನು ಭಕ್ತರ ಹೃದಯವು ಶತಮಾನಗಳಿಂದ ಕಾಪಾಡಿಕೊಂಡು ಬಂದಿದೆ. ಶಿಲುಬೆಯ ಬಳಿಯಲ್ಲಿ ತಾಯಿ ನಿಂತಿದ್ದರೆಂದು ಸಂತ ಯೊವಾನ್ನರು ಬರೆದಿದ್ದಾರೆ. ಅರಿಮತಾಯದ ಜೋಸೆಫನೂ ನಿಕೊದೇಮನೂ ದೇಹವನ್ನು ಸಮಾಧಿಮಾಡಿದರೆಂದೂ ತಿಳಿಸಿದ್ದಾರೆ. ಇವೆರಡರ ನಡುವೆ ಆ ದೇಹವು ತಾಯಿಯ ಮಡಿಲನ್ನು ಸೇರಿತೆಂದು ಯಾವ ಶುಭಸಂದೇಶಕಾರರೂ ಹೇಳಿಲ್ಲ. ಆದರೂ ತಪಸ್ಸುಕಾಲದ ಶುಕ್ರವಾರಗಳಂದು, ಶಿಲುಬೆಯ ಹಾದಿಯ ಹದಿಮೂರನೆಯ ಸ್ಥಳದಲ್ಲಿ, ನಾವು ಮೊಣಕಾಲೂರುವುದು ಆ ಮಡಿಲಿನ ಮುಂದೆಯೇ.

ಈ ದೃಶ್ಯವನ್ನು ಮೊದಲು ಮೂರ್ತಿಗಿಳಿಸಿದವರು ಜರ್ಮನ್ ನಾಡಿನ ಶಿಲ್ಪಿಗಳು. 1300ರ ಸುಮಾರಿನಿಂದ ಅವರು ಕಡೆದ ಮರದ ಮೂರ್ತಿಗಳಲ್ಲಿ ಗಾಯಗಳು ಬಾಯ್ತೆರೆದಿವೆ. ತಾಯಿಯ ಮುಖ ಸಂಕಟದಿಂದ ವಿಕಾರಗೊಂಡಿದೆ. ಈ ಸಂಪ್ರದಾಯವು ಫ್ರಾನ್ಸಿಗೂ ಹಬ್ಬಿತು. ರೋಮಿನಲ್ಲಿ ನೆಲೆಸಿದ್ದ ಫ್ರೆಂಚ್ ಕಾರ್ಡಿನಲ್ ಝಾಂ ದ ಬಿಲೇರ್ ಅವರು ಹಳೆಯ ಸಂತ ಪೇತ್ರರ ಮಹಾದೇವಾಲಯಕ್ಕೆ ಸೇರಿದ್ದ ಸಂತ ಪೆತ್ರೊನಿಲ್ಲಾ ಗುಡಿಗಾಗಿ ಇಂಥದೇ ಒಂದು ಮೂರ್ತಿಯನ್ನು ಬಯಸಿದರು. 1498ರ ಆಗಸ್ಟ್ 27ರಂದು ಒಪ್ಪಂದವಾಯಿತು. ಬೆಲೆ 450 ಚಿನ್ನದ ಡುಕಾಟುಗಳು. ಅವಧಿ ಒಂದು ವರ್ಷ. ರೋಮಿನಲ್ಲಿರುವ ಅಮೃತಶಿಲೆಯ ಕೃತಿಗಳಲ್ಲೆಲ್ಲ ಇದೇ ಅತಿ ಸುಂದರವಾದುದಾಗುವುದೆಂದು ಯಾಕೊಪೊ ಗಾಲ್ಲಿ ಎಂಬ ಗೃಹಸ್ಥನು ಶಿಲ್ಪಿಯ ಪರವಾಗಿ ಹೊಣೆನಿಂತನು. ಶಿಲ್ಪಿ ಮೈಕೆಲಾಂಜೆಲೊಗೆ ಆಗ ಇಪ್ಪತ್ತಮೂರು ವರ್ಷ. ಕಾರ್ಡಿನಲ್ಲರು 1499ರಲ್ಲಿ ತೀರಿಕೊಂಡರು. ಅವರ ಸಮಾಧಿಯ ಬಳಿ ನಿಂತ ಮೂರ್ತಿಯು ಗಾಲ್ಲಿಯ ಮಾತನ್ನು ಸುಳ್ಳುಮಾಡಲಿಲ್ಲ.

ಕುಳಿತ ಹೆಂಗಸಿನ ಮಡಿಲಿನಲ್ಲಿ ಪೂರ್ಣವಯಸ್ಸಿನ ಪುರುಷನನ್ನು ಮಲಗಿಸುವುದು ಶಿಲ್ಪಿಗೆ ಸುಲಭದ ಕೆಲಸವಲ್ಲ. ಕೈಕಾಲುಗಳು ಹೊರಚಾಚಿ, ನೋಟ ಒಡೆಯುತ್ತದೆ. ಮೈಕೆಲಾಂಜೆಲೊ ತಾಯಿಯ ಮೊಣಕಾಲುಗಳನ್ನು ಅಗಲಿಸಿ, ವಸ್ತ್ರದ ಆಳವಾದ ನೆರಿಗೆಗಳನ್ನು ಬಂಡೆಯಂತೆ ಕೆಳಗೆ ಹರಡಿ, ಇಡೀ ಮೂರ್ತಿಯನ್ನು ಗೋಪುರದ ಆಕಾರಕ್ಕೆ ತಂದನು. ತಾಯಿಯನ್ನು ಮಗನಿಗಿಂತ ದೊಡ್ಡ ಪ್ರಮಾಣದಲ್ಲಿ ಕಡೆದನು. ಎದ್ದು ನಿಂತರೆ ಆಕೆ ಮಗನನ್ನು ಮೀರಿ ನಿಲ್ಲುವಳು. ಆದರೂ ನೋಡುವವರಿಗೆ ಅದು ಅಸಹಜವೆನಿಸದು. ದುಃಖವನ್ನು ಹೊರುವ ಮಡಿಲು ದುಃಖಕ್ಕಿಂತ ದೊಡ್ಡದಾಗಿರಲೇಬೇಕಲ್ಲವೇ?

ಇಷ್ಟಾದರೂ ಈ ಮೂರ್ತಿಯ ಮೇಲೆ ಒಂದು ಆಕ್ಷೇಪವುಂಟು: ಇಲ್ಲಿ ಕಣ್ಣೀರಿಲ್ಲ. ಎದೆಯಲ್ಲಿ ಏಳು ಖಡ್ಗಗಳನ್ನು ಹೊತ್ತ ವ್ಯಾಕುಲಮಾತೆಯ ಚಿತ್ರವನ್ನು ಕಂಡ ನಮಗೆ ಈ ಮುಖ ತೀರ ಶಾಂತವೆನಿಸುತ್ತದೆ. ಮೂವತ್ತು ದಾಟಿದ ಮಗನ ತಾಯಿ ಎನ್ನಲು ತೀರ ಎಳೆಯದೆನಿಸುತ್ತದೆ. ಕನ್ಯತ್ವದ ಪಾವಿತ್ರ್ಯವೇ ಆ ತಾರುಣ್ಯವನ್ನು ಉಳಿಸಿತೆಂದು ಮೈಕೆಲಾಂಜೆಲೊ ಹೇಳಿದನೆಂದು ಅವನ ಚರಿತ್ರಕಾರ ಕೊಂದಿವಿ ಬರೆದಿದ್ದಾನೆ. ನನ್ನ ಮಟ್ಟಿಗೆ ಉತ್ತರವಿರುವುದು ಮುಖದಲ್ಲಲ್ಲ, ಕೈಗಳಲ್ಲಿ.

ಬಲಗೈಯನ್ನು ನೋಡಿ. ಮಗನ ಕಂಕುಳಿನ ಕೆಳಗೆ ಆ ಕೈ ಬಲವಾಗಿ ಊರಿದೆ. ಭಾರಕ್ಕೆ ಮಾಂಸ ಮೇಲಕ್ಕೆ ಒತ್ತಿದೆ. ಆದರೆ ಬೆರಳುಗಳಿಗೂ ದೇಹಕ್ಕೂ ನಡುವೆ ಒಂದು ವಸ್ತ್ರವಿದೆ. ಪರಮಪ್ರಸಾದದ ಆಶೀರ್ವಾದ ನೀಡುವಾಗ ಗುರುಗಳು ಹೆಗಲ ಮೇಲಿನ ವಸ್ತ್ರದಲ್ಲಿ ಕೈಗಳನ್ನು ಮರೆಸಿಕೊಂಡೇ ಪ್ರಸಾದಪಾತ್ರೆಯನ್ನು ಎತ್ತುವುದು ನೆನಪಿಗೆ ಬರುತ್ತದೆ. ತಾನು ಹೆತ್ತು ಸಾಕಿದ ದೇಹವನ್ನು ಆಕೆ ಈಗ ಪೂಜ್ಯಭಾವದಿಂದ ಹಿಡಿದಿದ್ದಾಳೆ.

ಎಡಗೈ ಏನನ್ನೂ ಹಿಡಿದಿಲ್ಲ. ಅಂಗೈ ಮೇಲಾಗಿ ತೆರೆದಿದೆ. ಅದು ಪ್ರಶ್ನೆಯೂ ಹೌದು, ಅರ್ಪಣೆಯೂ ಹೌದು. ಒಂದು ಕೈ ಹಿಡಿದಿಟ್ಟುಕೊಂಡಿದೆ, ಇನ್ನೊಂದು ಕೊಟ್ಟುಬಿಟ್ಟಿದೆ. ಕಣ್ಣೀರು ಹೇಳಬಹುದಾಗಿದ್ದುದೆಲ್ಲ ಇಲ್ಲಿದೆ.

ಚರಿತ್ರೆಯಲ್ಲಿ ಹೆಚ್ಚು ನೊಂದದ್ದು ಆ ತೆರೆದ ಕೈಯೇ. 1736ರಲ್ಲಿ ಅದರ ನಾಲ್ಕು ಬೆರಳುಗಳು ಮುರಿದು, ಅವನ್ನು ಮತ್ತೆ ಜೋಡಿಸಬೇಕಾಯಿತು. 1972ರ ಮೇ 21ರಂದು, ಪೆಂತೆಕೋಸ್ತ ಹಬ್ಬದ ದಿನ, ಮತಿಭ್ರಮಣೆಗೊಳಗಾದ ಒಬ್ಬನು ಸುತ್ತಿಗೆಯಿಂದ ಮೂರ್ತಿಯನ್ನು ಬಡಿದಾಗ ತಾಯಿಯ ಮೂಗು, ರೆಪ್ಪೆ ಒಡೆದವು. ಎಡಗೈ ಮೊಣಕೈಯಿಂದ ಕಳಚಿ ಬಿದ್ದಿತು. ಗಾಯವನ್ನು ಹಾಗೆಯೇ ಉಳಿಸಬೇಕೆಂದು ವಾದಿಸಿದವರೂ ಇದ್ದರು. ಆದರೆ ವ್ಯಾಟಿಕನ್ನಿನ ತಜ್ಞರು ಚೂರುಗಳನ್ನು ಆಯ್ದು, ಹಿಂದೆ ತೆಗೆದಿರಿಸಿದ್ದ ಅಚ್ಚಿನ ನೆರವಿನಿಂದ ಎಲ್ಲವನ್ನೂ ಮೊದಲಿನಂತೆ ಕೂಡಿಸಿದರು. 1973ರಿಂದ ಮೂರ್ತಿಯು ಗಾಜಿನ ತಡೆಯ ಹಿಂದಿದೆ. ಕೈ ಮಾತ್ರ ಮುಷ್ಟಿಯಾಗಲಿಲ್ಲ, ತೆರೆದಂತೆಯೇ ಇದೆ.

ಶತಮಾನವನ್ನು ಕಂಡ ಧರ್ಮಕೇಂದ್ರದಲ್ಲಿ ಮಕ್ಕಳನ್ನು ಜ್ಞಾನಸ್ನಾನದ ತೊಟ್ಟಿಗೆ ತಂದ ತಾಯಂದಿರಿದ್ದಾರೆ. ಅದೇ ಮಕ್ಕಳನ್ನು ದೂರದ ಊರಿಗೆ, ಮಠಕ್ಕೆ, ಕೆಲವೊಮ್ಮೆ ಮಣ್ಣಿಗೂ ಒಪ್ಪಿಸಿದವರಿದ್ದಾರೆ. ಅವರ ಹೆಸರುಗಳು ಕಲ್ಲಿನ ಮೇಲಿಲ್ಲ. ಪೂಜ್ಯಭಾವದಿಂದ ಹಿಡಿಯುವ ಕೈ, ಕೊಟ್ಟರೂ ಮುಚ್ಚಿಕೊಳ್ಳದ ಕೈ: ಇವೆರಡೂ ಅವರಲ್ಲಿದ್ದುದರಿಂದಲೇ ವಿಶ್ವಾಸವು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ದಾಟಿತು.