ಪಾದ್ರಿಗಳಿಲ್ಲದ ಎರಡು ಶತಮಾನ: ನಾಗಸಾಕಿಯ ಗುಪ್ತ ಕ್ರೈಸ್ತರು

ಜಪಾನಿನಲ್ಲಿ ಕ್ರೈಸ್ತಧರ್ಮದ ಚರಿತ್ರೆ 1549ರಲ್ಲಿ, ಗೋವೆಯಿಂದ ಹೊರಟ ಫ್ರಾನ್ಸಿಸ್ ಕ್ಸೇವಿಯರ್ ಕಾಗೊಶಿಮಾದಲ್ಲಿ ಇಳಿದಾಗ ಆರಂಭವಾಗುತ್ತದೆ. ಮುಂದಿನ ದಶಕಗಳಲ್ಲಿ ಕ್ಯೂಶು ದ್ವೀಪದ ಕೆಲವು ಪಾಳೆಯಗಾರರೂ ಅವರ ಪ್ರಜೆಗಳೂ ದೀಕ್ಷಾಸ್ನಾನ ಪಡೆದರು; ನಾಗಸಾಕಿ ಬಂದರು ಈ ಧರ್ಮದ ಕೇಂದ್ರವಾಯಿತು. ಪರದೇಶದ ಪಾದ್ರಿಗಳ ಬೆನ್ನಿಗೇ ಪರದೇಶದ ಸೈನ್ಯವೂ ಬಂದೀತೆಂಬ ಶಂಕೆ ಆಳುವವರಲ್ಲಿ ಬೆಳೆಯಿತು. 1587ರಲ್ಲಿ ತೊಯೊತೊಮಿ ಹಿದೆಯೋಶಿ ಪಾದ್ರಿಗಳ ಗಡೀಪಾರಿಗೆ ಆಜ್ಞೆ ಹೊರಡಿಸಿದ. 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲೊಬ್ಬರಾದ ಗೊನ್ಸಾಲೊ ಗಾರ್ಸಿಯಾ ಮುಂಬಯಿ ಬಳಿಯ ವಸಯಿಯಲ್ಲಿ ಹುಟ್ಟಿದವರು. 1614ರಲ್ಲಿ ತೊಕುಗಾವ ಆಡಳಿತ ದೇಶದುದ್ದಕ್ಕೂ ನಿಷೇಧ ಹೇರಿತು. ನಾಡಿನಲ್ಲಿ ಉಳಿದಿದ್ದ ಕೊನೆಯ ಪಾದ್ರಿ ಕೊನಿಶಿ ಮಾನ್ಸಿಯೊ 1644ರಲ್ಲಿ ಕೊಲೆಯಾದರು.

ಆನಂತರದ ಎರಡು ಶತಮಾನಗಳು ಈ ಚರಿತ್ರೆಯ ಅತ್ಯಂತ ಗಾಢವಾದ ಭಾಗ. ಪ್ರತಿ ಮನೆತನವೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕಿತ್ತು. ಸುಳಿವು ಕೊಟ್ಟವರಿಗೆ ಬಹುಮಾನವಿತ್ತು. ನಾಗಸಾಕಿಯಲ್ಲಿ ವರ್ಷಕ್ಕೊಮ್ಮೆ ಜನರು ಕ್ರಿಸ್ತನ ಅಥವಾ ಮೇರಿಯ ಮೂರ್ತಿಯುಳ್ಳ ಫಲಕವನ್ನು ಅಧಿಕಾರಿಗಳೆದುರು ತುಳಿಯಬೇಕಿತ್ತು. ಫುಮಿಯೆ ಎಂಬ ಈ ಫಲಕವನ್ನು ತುಳಿಯಲೊಲ್ಲದವರಿಗೆ ಚಿತ್ರಹಿಂಸೆ ಕಾದಿತ್ತು.

ಗುಪ್ತ ಕ್ರೈಸ್ತರಲ್ಲಿ ಬಹುಪಾಲು ಜನ ತುಳಿದರು. ಹುತಾತ್ಮರ ಕಥೆಗಳಷ್ಟೇ ಗಮನಕ್ಕೆ ಅರ್ಹವಾದದ್ದು ಇವರ ಬದುಕು. ಮನೆಗೆ ಮರಳಿದ ಮೇಲೆ ಅವರು ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಪಾದ್ರಿಯ ಮುಂದೆ ಪಾಪನಿವೇದನೆಗೆ ಅವಕಾಶವಿಲ್ಲದಾಗ, ಮನಃಪೂರ್ವಕ ಪಶ್ಚಾತ್ತಾಪದಿಂದಲೇ ದೇವರ ಕ್ಷಮೆ ದೊರೆಯುವುದೆಂದು ಬೋಧಿಸುವ ಕಿರುಹೊತ್ತಗೆಯೊಂದು 1603ರ ಸುಮಾರಿಗೆ ಹೊರಬಂದಿತ್ತು. ಅದರ ಕೈಬರಹದ ಪ್ರತಿಗಳು ತಲೆಮಾರಿನಿಂದ ತಲೆಮಾರಿಗೆ ದಾಟಿದವು. ಹಳ್ಳಿಯಲ್ಲಿ ಒಬ್ಬ ಹಿರಿಯ ಪಂಚಾಂಗ ನೋಡಿ ಹಬ್ಬದ ದಿನಗಳನ್ನು ಗೊತ್ತುಮಾಡುತ್ತಿದ್ದ, ಇನ್ನೊಬ್ಬ ಮಕ್ಕಳಿಗೆ ದೀಕ್ಷಾಸ್ನಾನ ಕೊಡುತ್ತಿದ್ದ, ಮತ್ತೊಬ್ಬ ಮನೆಮನೆಗೆ ಸುದ್ದಿ ಮುಟ್ಟಿಸುತ್ತಿದ್ದ. ಬೌದ್ಧರ ಕಾನ್ನೊನ್ ಮೂರ್ತಿಯನ್ನೇ ಮೇರಿಯೆಂದು ಪೂಜಿಸುವ ಕುಟುಂಬಗಳೂ ಇದ್ದವು. ಎಡವಿದವರಿಗೂ ಮರಳುವ ದಾರಿಯಿದ್ದುದರಿಂದಲೇ ಈ ನಂಬಿಕೆ ಇಷ್ಟು ಕಾಲ ಬಾಳಿತೆಂದು ಹೇಳಬೇಕಾಗುತ್ತದೆ. ವೀರರಿಗಷ್ಟೇ ಜಾಗವಿದ್ದಿದ್ದರೆ ಅದು ಒಂದೆರಡು ತಲೆಮಾರಿನಲ್ಲೇ ಅಳಿಯುತ್ತಿತ್ತು.

1865ರ ಮಾರ್ಚ್ 17ರಂದು, ವಿದೇಶಿಯರಿಗಾಗಿ ಕಟ್ಟಿದ್ದ ಓಉರಾ ಚರ್ಚಿಗೆ ಉರಕಾಮಿ ಹಳ್ಳಿಯ ಕೆಲವರು ಬಂದು, ಫ್ರೆಂಚ್ ಪಾದ್ರಿ ಬರ್ನಾರ್ ಪೆತಿಜಾನ್ ಅವರಿಗೆ ತಮ್ಮ ಗುಟ್ಟು ತಿಳಿಸಿದರು. ನಿಷೇಧ ಮಾತ್ರ ಇನ್ನೂ ಜಾರಿಯಲ್ಲಿತ್ತು. 1867ರಿಂದ ಬಂಧನಗಳು ಶುರುವಾದವು. ಹೊಸ ಮೇಜಿ ಸರ್ಕಾರವು ಸುಮಾರು 3,400 ಮಂದಿಯನ್ನು ಊರುಬಿಡಿಸಿ ದೂರದ ಸೀಮೆಗಳಿಗೆ ಅಟ್ಟಿತು. ತ್ಸುವಾನೊದಲ್ಲಿ ಅವರನ್ನು ಹೆಪ್ಪುಗಟ್ಟಿದ ಕೊಳಕ್ಕಿಳಿಸಿ ಧರ್ಮ ಬಿಡುವಂತೆ ಹಿಂಸಿಸಲಾಯಿತು. ಗಡೀಪಾರಿನಲ್ಲಿ 600ಕ್ಕೂ ಹೆಚ್ಚು ಜನ ಸತ್ತರು. ಪಾಶ್ಚಾತ್ಯ ದೇಶಗಳ ಆಕ್ಷೇಪದ ನಡುವೆ 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆಸಲಾಯಿತು. ಬದುಕುಳಿದವರು ಮರಳಿ ಬಂದು, ಹಿಂದೆ ಫುಮಿಯೆ ತುಳಿಸುತ್ತಿದ್ದ ಗ್ರಾಮಾಧಿಕಾರಿಯ ಮನೆಯ ನಿವೇಶನವನ್ನೇ ಕೊಂಡು ಅಲ್ಲಿ ಚರ್ಚು ಕಟ್ಟಿದರು. 1895ರಲ್ಲಿ ಕೆಲಸ ಶುರುವಾದ ಇಟ್ಟಿಗೆಯ ಕಟ್ಟಡ 1914ರಲ್ಲಿ ಉದ್ಘಾಟನೆಯಾಯಿತು.

1945ರ ಆಗಸ್ಟ್ 9ರಂದು ಅಣುಬಾಂಬು ಈ ಚರ್ಚಿನಿಂದ ಸುಮಾರು 500 ಮೀಟರ್ ದೂರದಲ್ಲಿ ಸಿಡಿಯಿತು. ಒಳಗೆ ಪಾಪನಿವೇದನೆ ನಡೆಯುತ್ತಿತ್ತು; ಪಾದ್ರಿಗಳೂ ಭಕ್ತರೂ ಅಲ್ಲೇ ಸತ್ತರು. ಉರಕಾಮಿಯ ಸುಮಾರು 12,000 ಕ್ಯಾಥೊಲಿಕರಲ್ಲಿ ಪ್ರಾಣ ಕಳೆದುಕೊಂಡವರು 8,500 ಎಂಬುದು ಸಾಮಾನ್ಯ ಅಂದಾಜು. ಬಾಂಬಿಗೆ ಪತ್ನಿಯನ್ನು ಕಳೆದುಕೊಂಡಿದ್ದ ವೈದ್ಯ ನಾಗಾಯ್ ತಕಾಶಿ ಆ ನವೆಂಬರಿನ ಸ್ಮರಣಪೂಜೆಯಲ್ಲಿ, ಈ ಸಾವುಗಳನ್ನು ಶಾಂತಿಗಾಗಿ ದೇವರಿಗೆ ಸಂದ ನೈವೇದ್ಯವೆಂದು ವ್ಯಾಖ್ಯಾನಿಸಿದರು. ದುಃಖಿತರಿಗೆ ಅದು ಆಸರೆಯಾಯಿತು. ಯುದ್ಧ ಹೂಡಿದವರ, ಬಾಂಬು ಹಾಕಿದವರ ಹೊಣೆಯನ್ನು ಅದು ಮರೆಸುತ್ತದೆಂಬ ಟೀಕೆಯೂ ಬಂತು, ಆ ಟೀಕೆಗೆ ತೂಕವಿದೆ. 1981ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಹಿರೋಶಿಮಾದಲ್ಲಿ ಯುದ್ಧ ಮನುಷ್ಯರದೇ ಕೃತ್ಯವೆಂದು ಸಾರಿದರು. ಅದನ್ನು ಕೇಳಿದ ಮೇಲೆಯೇ ಉರಕಾಮಿಯ ಕೆಲವರು, ಬಾಂಬು ದೇವರ ಸಂಕಲ್ಪವೆಂಬ ಹಳೆಯ ವಿವರಣೆಯನ್ನು ಬಿಟ್ಟು, ನಂಬಿಕೆಯನ್ನು ಬಿಡದೆ, ತಮ್ಮ ನೋವನ್ನು ಸಾರ್ವಜನಿಕವಾಗಿ ಹೇಳತೊಡಗಿದರು.